ಗಾಳಿಮರದ ಕೊಂಬೆ

ಕ್ರಿಸ್ಮಸ್ ಮರವೆಂದರೆ ಶೀತದೇಶದ ಸ್ಪ್ರೂಸ್ ವೃಕ್ಷವೆಂದು ಚಿತ್ರಗಳು ನಮಗೆ ಕಲಿಸಿವೆ. ವಿಕ್ಟೋರಿಯಾ ರಾಣಿಯ ಕುಟುಂಬ ಅಂಥದೊಂದು ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲಂತೂ ಇಂಗ್ಲೆಂಡಿನಲ್ಲಿ ಆ ಪದ್ಧತಿ ಬಹಳವಾಗಿ ಹಬ್ಬಿತು. ಮಂಗಳೂರಿನ ಕಡಲಂಚಿನ ನಮ್ಮ ಅಜ್ಜಿಯ ಮನೆಗೆ ಸ್ಪ್ರೂಸ್ ಎಲ್ಲಿಂದ ಬರಬೇಕು? ಅಲ್ಲಿ ಗಾಳಿಮರದ ಕೊಂಬೆಯೇ ಕ್ರಿಸ್ಮಸ್ ಮರ. ಅದರ ಸೂಜಿಗಳು ಎಲೆಗಳೇ ಅಲ್ಲ, ಗಂಟುಗಂಟಾದ ಎಳೆಗಡ್ಡಿಗಳು ಎಂದು ಸಸ್ಯಶಾಸ್ತ್ರದ ಮಿತ್ರರು ಆಕ್ಷೇಪಿಸಬಹುದು, ಆಕ್ಷೇಪಿಸಲಿ!

ಪ್ರತಿವರ್ಷ ಕೊಂಬೆ ಕಡಿದು ತರುತ್ತಿದ್ದವರು ಅಜ್ಜ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ರಜೆಗೆ ನಾವೆಲ್ಲ ಸೇರಿದಾಗ, ಸಾವಾದ ವರ್ಷ ಮರವೇಕೆ, ಗೋದಲಿಯೊಂದೇ ಸಾಕೆಂದರು ಮಾವ. ಅಜ್ಜಿ ಉತ್ತರ ಕೊಡಲಿಲ್ಲ. ಗೋದಲಿಗೆಂದು ಬಿತ್ತಿದ್ದ ಭತ್ತದ ಮೊಳಕೆಗೆ ನೀರು ಚಿಮುಕಿಸಿ, ಒಳಗೆ ಹೋಗಿ ಅಜ್ಜನ ಕತ್ತಿಯನ್ನು ತಂದು ನನ್ನ ಕೈಗಿತ್ತರು. “ತೀರಾ ದೊಡ್ಡದು ಬೇಡ, ಮಗಾ” ಎಂದರು.

ಮರಳು ತುಂಬಿದ ಡಬ್ಬದಲ್ಲಿ ಕೊಂಬೆ ನೆಟ್ಟೆವು. ಗಾಳಿಮರದ ಟೊಂಗೆ ಬಲು ಮೆದು. ಗಾಜಿನ ಗುಂಡು ತೂಗಿಸಿದರೆ ಬಾಗಿ ನೆಲ ನೋಡುತ್ತದೆ. ಆದ್ದರಿಂದ ಅಜ್ಜ ಹತ್ತಿಯ ಎಸಳು, ಕಾಗದದ ಸರ, ಬೇಗಡೆ ಸುತ್ತಿದ ಬೆಂಕಿಪೆಟ್ಟಿಗೆಗಳನ್ನಷ್ಟೇ ಕಟ್ಟುತ್ತಿದ್ದರು. ಅವೆಲ್ಲ ಅಟ್ಟದಿಂದ ಇಳಿದವು. ತುದಿಗೆ ನಕ್ಷತ್ರ ಕಟ್ಟಿದವರು, ಬೇಡವೆಂದಿದ್ದ ಮಾವನೇ. ಅಜ್ಜಿ ನೆರೆಮನೆಯಿಂದ ಬಂದ ಕುಸ್ವಾರಿನ ತಟ್ಟೆಗೆ ಬಟ್ಟೆ ಮುಚ್ಚುತ್ತ, “ಎಡಕ್ಕೆ ವಾಲಿದೆ” ಎಂದರು.