ಸಾಮಾನ್ಯ ಅಂದ್ರ ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಧಾನಸಭೆಗೆ ಈ ನಾಕೂ ‘ಸಾಮಾನ್ಯ’ ಕ್ಷೇತ್ರಗಳು. ಜಿಲ್ಲೆಯ ಎಂಟರಲ್ಲಿ ಪರಿಶಿಷ್ಟರಿಗೆ ಮೀಸಲು ನಾಗಠಾಣ ಒಂದೇ. ಕೂಲಿ ಮಾಡಿ ಉಣ್ಣುವ ನಮಗಿಂತ ಸಾಮಾನ್ಯರು ಯಾರಿದ್ದಾರೆ? ಪಟ್ಟಿ ಓದಿ ಹೇಳಿದರೆ ನಮ್ಮ ಕೇರಿಯ ಆಯಿ ನಕ್ಕಳು: “ಸಾಮಾನ್ಯ ಅಂದ್ರ ಗೌಡ್ರೇನೋ ತಮ್ಮಾ?”

ಕಾನೂನು ನಮ್ಮನ್ನು ತಡೆಯುವುದಿಲ್ಲ, ಖರೆ. ನಾವೂ ನಿಲ್ಲಬಹುದು. ಆದರೆ ಟಿಕೆಟ್ಟು ಬೇಕು. ಟಿಕೆಟ್ಟಿಗೆ ಹೊಲ, ರೊಕ್ಕ, ಜಾತಿಯ ಲೆಕ್ಕ ಬೇಕು. ಆ ಲೆಕ್ಕ ವಾಡೆಯೊಳಗ ಮುಗಿದ ಮ್ಯಾಲೆ ಓಟು ಕೇಳಾಕ ಕೇರಿಗೆ ಬರ್ತಾರ. ಗೋವಾಕ್ಕ ದುಡಿಯಾಕ ಹೋದವರನ್ನ ಕರಕೊಂಡು ಬರಾಕ ಗಾಡಿನೂ ಕಳಿಸ್ತಾರ. ಉಳಿದ ದಿನ ನಾವು ಸತ್ತರೂ ಆ ಗಾಡಿ ಬರಂಗಿಲ್ಲ.

ಮೀಸಲು ಇದ್ದಲ್ಲಾದರೂ ಏನು? ಬಿಜಾಪುರ ಲೋಕಸಭಾ ಕ್ಷೇತ್ರ 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲು. ನಿಲ್ಲುವವರು ನಮ್ಮವರು, ಗೆಲ್ಲಿಸುವ ಓಟು ಬಹುಪಾಲು ನಮ್ಮವಲ್ಲ. ಬಾಬಾಸಾಹೇಬರು ಪ್ರತ್ಯೇಕ ಮತದಾರ ವರ್ಗ ಕೇಳಿದ್ದು ಇದಕ್ಕೇ. 1932ರಲ್ಲಿ ಗಾಂಧೀಜಿ ಯರವಡಾ ಜೇಲಿನಲ್ಲಿ ಉಪವಾಸ ಕೂತರು, ಪುಣೆ ಒಪ್ಪಂದವಾಯಿತು. ಸ್ಥಾನಗಳು 71ರಿಂದ 148ಕ್ಕೆ ಏರಿದವು, ಗೆಲ್ಲಿಸುವ ಓಟು ಎಲ್ಲರ ಕೈಗೆ ಹೋಯಿತು. ಆದರೂ ಅದರಲ್ಲೊಂದು ಮಾತಿತ್ತು: ಮೊದಲು ದಲಿತರೇ ಮತ ಹಾಕಿ ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಗೆಲ್ಲಿಸಬೇಕು. ಹತ್ತು ವರ್ಷದ ಮಟ್ಟಿಗೆ ಅಷ್ಟೆ. ಸಂವಿಧಾನದಲ್ಲಿ ಅದು ಉಳಿಯಲಿಲ್ಲ.

ಆ ಮೊದಲ ಆಯ್ಕೆ ಈಗ ಪಕ್ಷದ ಕಚೇರಿಯಲ್ಲಿ, ಬಾಗಿಲು ಹಾಕಿಕೊಂಡು ನಡೆಯುತ್ತದೆ. ಗೆಳೆಯರೇ, ಆ ಬಾಗಿಲ ಮುಂದ ನಾವು ನಿಂತದ್ದು ಎಷ್ಟು ಸಲ? ಮುಂದಿನ ಪಂಚಾಯ್ತಿ ಚುನಾವಣೆಗೆ ಗೌಡರ ಪಟ್ಟಿ ಬರುವ ಮೊದಲೇ ಕೇರಿಯವರು ಕೂಡಿ, ಹೆಂಗಸರನ್ನೂ ಕೂಡಿಸಿಕೊಂಡು, ನಮ್ಮ ಹೆಸರು ನಾವೇ ಬರೀತೇವಿ.