ಯಾರ ದುಡ್ಡು, ಯಾರ ಮೈಲಿ

ಕೆಲಸದ ಮೇಲೆ ಪದೇ ಪದೇ ಅಟ್ಲಾಂಟಿಕ್ ದಾಟುವವರು ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಮೈಲಿಗೆ, ಅಂದರೆ ಹಾರಿದ್ದಕ್ಕೆ ವಿಮಾನ ಕಂಪನಿ ಕೊಡುವ, ಮುಂದೆ ಟಿಕೆಟಿಗೆ ಒದಗುವ ಅಂಕಗಳಿಗೆ, ಬಂದು ನಿಲ್ಲುತ್ತದೆ. 'ನೀವು ಯಾವುದರಲ್ಲಿ ಕೂಡಿಸ್ತೀರಿ?' ಸಂಬಳ ಕೇಳಲು ನಾಚುವ ಸಂಭಾವಿತರೂ ಇದನ್ನು ಮಾತ್ರ ಸಂಕೋಚವಿಲ್ಲದೆ ಕೇಳುತ್ತಾರೆ. ನಾವು ಯಾವ ಹೆಸರು ಹೇಳಿದರೂ 'ಅಯ್ಯೋ, ಅದಾ?' ಎಂದು ಮರುಗಿ, ತಮ್ಮ ಕಾರ್ಡಿನ ಮಹಿಮೆ ಬಣ್ಣಿಸಲು ಕೂರುತ್ತಾರೆ.

ನಾನಿರುವುದು ಬಾಸ್ಟನ್ ಪಕ್ಕದಲ್ಲಿ. ಕಂಪನಿಯ ಇನ್ನೊಂದು ಆಫೀಸು ಮ್ಯೂನಿಕ್‌ನಲ್ಲಿ. ಹೀಗಾಗಿ ನನ್ನ ಅರ್ಧ ತೀರ್ಮಾನವನ್ನು ಭೂಪಟವೇ ಮಾಡಿಬಿಟ್ಟಿತ್ತು. ಅಟ್ಲಾಂಟಿಕ್ ಮೇಲಿನ ಆಕಾಶವನ್ನು ಮೂರು ಬಣಗಳು ಹಂಚಿಕೊಂಡಿವೆ: ಯುನೈಟೆಡ್, ಏರ್ ಕೆನಡಾ, ಲುಫ್ಥಾನ್ಸಾ ಇರುವ ಸ್ಟಾರ್ ಅಲೈಯನ್ಸ್, ಅಮೆರಿಕನ್ ಮತ್ತು ಬ್ರಿಟಿಷ್ ಏರ್‌ವೇಸ್‌ನ ಒನ್‌ವರ್ಲ್ಡ್, ಡೆಲ್ಟಾ, ಏರ್ ಫ್ರಾನ್ಸ್, ಕೆಎಲ್‌ಎಂ ಕೂಡಿದ ಸ್ಕೈಟೀಮ್. ಬಾಸ್ಟನ್‌ನಿಂದ ಮ್ಯೂನಿಕ್‌ಗೆ ನೇರ ವಿಮಾನ ಲುಫ್ಥಾನ್ಸಾದ್ದು. ಅಲ್ಲಿಂದ ಬೆಂಗಳೂರಿಗೂ 2023ರಿಂದ ಅದೇ ಕಂಪನಿ ನೇರವಾಗಿ ಹಾರುತ್ತಿದೆ. ರಾತ್ರಿಯಿಡೀ ಕೂತು, ಬೆಳಗ್ಗೆ ಇನ್ನೊಂದು ಊರಲ್ಲಿ ಇಳಿದು ವಿಮಾನ ಬದಲಿಸಿ, ಮಧ್ಯಾಹ್ನ ಮೀಟಿಂಗಿನಲ್ಲಿ ಆಕಳಿಸುವುದಕ್ಕಿಂತ ನೇರ ವಿಮಾನವೇ ವಾಸಿ. ಬಣ ತಾನಾಗಿಯೇ ಗೊತ್ತಾಯಿತು.

ಆದರೆ ಹತ್ತುವುದು ಲುಫ್ಥಾನ್ಸಾ ಆದ ಮಾತ್ರಕ್ಕೆ ಮೈಲಿಯನ್ನೂ ಅವರ ಖಾತೆಗೇ ಹಾಕಬೇಕೆಂದೇನಿಲ್ಲ. ಬಣದ ಯಾವ ಕಂಪನಿಯ ಸದಸ್ಯತ್ವ ಸಂಖ್ಯೆ ಕೊಟ್ಟರೂ ನಡೆಯುತ್ತದೆ. ಇಲ್ಲೇ ತಮಾಷೆ ಶುರು. ಹೆಚ್ಚು ಹಾರಿ ಯುನೈಟೆಡ್‌ನಿಂದಲೇ ಚಿನ್ನದ ದರ್ಜೆ ಪಡೆದವರು ಅಮೆರಿಕದೊಳಗೇ ಪ್ರಯಾಣ ಮಾಡುವಾಗ ಅದರ ಬಲದ ಮೇಲೆ ಯುನೈಟೆಡ್ ಲೌಂಜಿನೊಳಗೆ ಕಾಲಿಡುವಂತಿಲ್ಲ. ಅದೇ ಬಣದ ಬೇರೆ ದೇಶದ ಕಂಪನಿಯಿಂದ ಚಿನ್ನದ ಕಾರ್ಡು ತಂದವರಿಗೆ ಬಾಗಿಲು ತೆರೆಯುತ್ತದೆ. ಹಿತ್ತಲ ಗಿಡ ಮದ್ದಲ್ಲ! ಈ ಗುಟ್ಟು ತಿಳಿದ ಎಷ್ಟೋ ಅಮೆರಿಕನ್ನರು ಒಂದು ಕಾಲಕ್ಕೆ ಗ್ರೀಸಿನ ಏಜಿಯನ್ ಕಂಪನಿಗೆ ಸದಸ್ಯರಾದರು. ಅಲ್ಲಿ ಚಿನ್ನ ಸುಲಭವಾಗಿ ಸಿಗುತ್ತಿತ್ತು. ಕೊನೆಗೆ ಏಜಿಯನ್‌ನವರು 'ನಮ್ಮ ವಿಮಾನವನ್ನೂ ಸ್ವಲ್ಪ ಹತ್ತಿ' ಎಂದು ನಿಯಮ ಬಿಗಿ ಮಾಡಬೇಕಾಯಿತು.

ನಮ್ಮ ಆಫೀಸಿನ ಹಿರಿಯರೊಬ್ಬರು ಈ ಲೌಂಜಿನ ಪರಮಭಕ್ತರು. ಅವರದ್ದು ಲುಫ್ಥಾನ್ಸಾದ ಸೆನೇಟರ್ ದರ್ಜೆ, ಜತೆಗೆ ಒಬ್ಬ ಅತಿಥಿಯನ್ನು ಕರೆದೊಯ್ಯಬಹುದು. 'ಬಾರಮ್ಮ, ಒಂದು ಸಲ ನೋಡು, ಆಮೇಲೆ ಹೇಳು' ಎಂದು ಮ್ಯೂನಿಕ್‌ನಲ್ಲಿ ಒಳಗೆ ಕರೆದುಕೊಂಡು ಹೋದರು. ಮೆತ್ತನೆ ಕುರ್ಚಿ, ನಲ್ಲಿಯಿಂದ ಬರುವ ಬಿಯರು, ಬುಟ್ಟಿಯಲ್ಲಿ ಬ್ರೆಟ್ಸೆಲ್ಲು, ಬಿಸಿ ಪೆಟ್ಟಿಗೆಯಲ್ಲಿ ಮಾಂಸದ ಹೋಳು. ಬಿಯರೂ ಮಾಂಸವೂ ಬೇಡದ ನನಗೆ ಉಳಿದದ್ದು ಬ್ರೆಟ್ಸೆಲ್ಲು ಮತ್ತು ಅದರ ಮೇಲಿನ ಹರಳುಪ್ಪು. ಉಪ್ಪನ್ನು ಉಗುರಿನಿಂದ ಕೆರೆದು ತೆಗೆದು, ಬೆಣ್ಣೆ ಸವರಿ ತಿಂದೆ. ರುಚಿ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಾಗಿ ಡಿಸೆಂಬರ್ ಕೊನೆಯ ವಾರ ದರ್ಜೆಗೆ ಸ್ವಲ್ಪ ಕಡಿಮೆ ಬಿತ್ತೆಂದು ಕೆಲಸವಿಲ್ಲದ ಊರಿಗೆ ಹಾರಿ ಬರುವವರನ್ನು ಕಂಡರೆ ಮರುಕವಾಗುತ್ತದೆ. ಸೆನೇಟರ್‌ಗೂ ಮೇಲೆ, ಕಾರಿನಲ್ಲಿ ಕೂರಿಸಿ ವಿಮಾನದ ಬುಡಕ್ಕೇ ಬಿಡುವ ದರ್ಜೆಯೊಂದಿದೆಯಂತೆ. ಅಂಥವರಿಗೆ ಆಟಕ್ಕೆ ರಬ್ಬರ್ ಬಾತುಕೋಳಿ ಕೊಡುತ್ತಾರೆ, ದೊಡ್ಡ ದೊಡ್ಡ ಮ್ಯಾನೇಜರುಗಳು ಅದನ್ನು ಸಾಲಾಗಿ ಜೋಡಿಸಿಟ್ಟುಕೊಳ್ಳುತ್ತಾರೆ.

ಗೇಟಿನಲ್ಲಂತೂ ಗುಂಪಿನ ಸಂಖ್ಯೆ ಕರೆಯುವ ಮೊದಲೇ ಎಲ್ಲರೂ ಎದ್ದು ನಿಂತಿರುತ್ತಾರೆ. ನಮ್ಮೂರಲ್ಲಿ ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುತ್ತಿದ್ದರಲ್ಲ, ಇಲ್ಲಿ ಟವೆಲಿನ ಜಾಗದಲ್ಲಿ ಕಾರ್ಡು. ಸೀಟಿಗೆ ನಂಬರು ಹೇಗೂ ಇದೆ. ಪೈಪೋಟಿಯೆಲ್ಲ ತಲೆಯ ಮೇಲಿನ ಡಬ್ಬಿಯಲ್ಲಿ ಪೆಟ್ಟಿಗೆ ತುರುಕುವ ಜಾಗಕ್ಕೆ.

ಲೌಂಜಿಗಿಂತ ನನ್ನ ತಲೆ ತಿಂದದ್ದು ಮೈಲಿಯ ಲೆಕ್ಕ. 1978ರಲ್ಲಿ ಅಮೆರಿಕ ಸರ್ಕಾರ ವಿಮಾನದ ದರದ ಮೇಲಿನ ಹಿಡಿತ ಬಿಟ್ಟಿತು, ಕಂಪನಿಗಳು ಗಿರಾಕಿಗಾಗಿ ಕಿತ್ತಾಡತೊಡಗಿದವು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಆಡ್ವಾಂಟೇಜ್ ಯೋಜನೆ ತಂದಾಗ ಹಾರಿದ ದೂರವೇ ಲೆಕ್ಕ. ಬಾಸ್ಟನ್–ಮ್ಯೂನಿಕ್ ಸುಮಾರು 3,800 ಮೈಲಿ. ಟಿಕೆಟ್ ಅಗ್ಗದ್ದಾದರೇನು, ದುಬಾರಿಯಾದರೇನು, ಅಷ್ಟು ನಿಮ್ಮದು. ಆ ಕಾಲ ಹೋಯಿತು. 2015ರಲ್ಲಿ ಡೆಲ್ಟಾ, ಯುನೈಟೆಡ್, ಮರುವರ್ಷ ಅಮೆರಿಕನ್, 2018ರಲ್ಲಿ ಲುಫ್ಥಾನ್ಸಾ, ಎಲ್ಲರೂ ದೂರ ಬಿಟ್ಟು ದುಡ್ಡು ಎಣಿಸತೊಡಗಿದರು. ಡಾಲರಿಗೆ ಐದು ಮೈಲಿ ಎಂದಿಟ್ಟುಕೊಳ್ಳಿ. ಮೂರು ತಿಂಗಳು ಮೊದಲೇ ಹುಡುಕಿ 600 ಡಾಲರಿಗೆ ಟಿಕೆಟ್ ಕೊಂಡ ಜಾಣೆಗೆ 3,000. ನಾಳಿನ ಮೀಟಿಂಗಿಗೆ ಇವತ್ತು 2,000 ಡಾಲರ್ ಸುರಿದವನಿಗೆ 10,000. ಅವನ ಜೇಬಿನಿಂದೇನು ಹೋಯಿತು? ಕೊಟ್ಟದ್ದು ಕಂಪನಿ. ಧಣಿಯ ದುಡ್ಡು ಖರ್ಚು ಮಾಡುವ ಕೈಗೆ ಧಣಿಗೆ ಕಾಣದಂತೆ ಇಡುವ ಮಾಮೂಲು ಇದು. ನಿಷ್ಠೆ ಗಿಷ್ಠೆ ಎಲ್ಲ ಮೇಲಿನ ಬಣ್ಣ.

ಈ ಮಾಮೂಲು ಯಾರದ್ದು ಎಂಬುದರಲ್ಲಿ ಸಮುದ್ರದ ಎರಡು ದಡಕ್ಕೂ ಒಮ್ಮತವಿಲ್ಲ. ಅಮೆರಿಕದಲ್ಲಿ 2001ರ ಕೊನೆಗೆ ಕೇಂದ್ರ ಸರ್ಕಾರಿ ನೌಕರರಿಗೂ 'ಮೈಲಿ ನೀವೇ ಇಟ್ಟುಕೊಳ್ಳಿ' ಎಂದು ಕಾನೂನೇ ಹೇಳಿತು. ಮರುವರ್ಷ ಜರ್ಮನಿಯಲ್ಲಿ ಸರ್ಕಾರಿ ಪ್ರಯಾಣದ ಮೈಲಿಯನ್ನು ಸ್ವಂತಕ್ಕೆ ಬಳಸಿದ್ದು ಪತ್ರಿಕೆಗೆ ಬಂದು, ಬರ್ಲಿನ್ ರಾಜ್ಯದ ಸಚಿವ ಗ್ರೆಗೋರ್ ಗೀಸಿ ಕುರ್ಚಿಯನ್ನೇ ಬಿಟ್ಟರು. 2006ರಲ್ಲಿ ಅಲ್ಲಿನ ಕಾರ್ಮಿಕ ವ್ಯಾಜ್ಯಗಳ ಸರ್ವೋಚ್ಚ ನ್ಯಾಯಾಲಯ, ಕೆಲಸದ ಪ್ರಯಾಣದಲ್ಲಿ ಬಂದ ಮೈಲಿಯನ್ನು ಮಾಲೀಕ ಕೇಳಿದರೆ ಕೊಡಬೇಕೆಂದು ತೀರ್ಪಿತ್ತಿತು. ಒಂದೇ ವಿಮಾನದಲ್ಲಿ, ಒಂದೇ ಸಾಲಿನಲ್ಲಿ ಕೂತು ಬರುವ ನನ್ನ ಮ್ಯೂನಿಕ್ ಸಹೋದ್ಯೋಗಿ ಕೂಡಿಸಿದ ಮೈಲಿಯಲ್ಲಿ ಆಫೀಸಿನ ಮುಂದಿನ ಟಿಕೆಟ್ ಬರುತ್ತದೆ. ನನ್ನದು ನನ್ನ ಮನೆಗೆ. ಆಕೆ ಇದನ್ನು ಅನ್ಯಾಯವೆಂದು ಹೇಳುವುದಿಲ್ಲ, ನಗುತ್ತಾಳೆ. ಆ ನಗೆಯೇ ಸ್ವಲ್ಪ ಚುಚ್ಚುತ್ತದೆ.

ಬಂದದ್ದನ್ನು ಬ್ಯಾಂಕಿನಲ್ಲಿಟ್ಟಂತೆ ಇಟ್ಟುಕೊಂಡು ಕೂರುವ ಹಾಗೂ ಇಲ್ಲ. ಒಂದು ಟಿಕೆಟಿಗೆ ಎಷ್ಟು ಮೈಲಿ ಎಂಬುದು ಅವರು ಬರೆದದ್ದೇ ಲೆಕ್ಕ, ರಾತ್ರೋರಾತ್ರಿ ಏರಿಸಿದರೂ ಕೇಳುವವರಿಲ್ಲ. 2020ರಲ್ಲಿ ವಿಮಾನಗಳೆಲ್ಲ ನಿಂತಾಗ ಯುನೈಟೆಡ್ ಸಾಲಕ್ಕೆ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಅಡವಿಟ್ಟಿತು. ಅದಕ್ಕೆ ಕಟ್ಟಿದ ಬೆಲೆ ಸುಮಾರು 22 ಬಿಲಿಯನ್ ಡಾಲರ್. ಷೇರುಪೇಟೆಯಲ್ಲಿ ಇಡೀ ಕಂಪನಿಯ ಬೆಲೆ ಆಗ ಅಷ್ಟಿರಲಿಲ್ಲ. ಮೈಲಿ ಅಚ್ಚು ಹಾಕುವ ಯಂತ್ರಕ್ಕೆ ವಿಮಾನಕ್ಕಿಂತ ಹೆಚ್ಚು ಬೆಲೆ!

ಹಾಗಾಗಿ ನಾನು ನೋಡಿದ್ದು ಖರ್ಚು ಮಾಡುವ ದಾರಿಯನ್ನು. ಕೆಲವು ಕಂಪನಿಗಳ 'ಪುಕ್ಕಟೆ' ಟಿಕೆಟಿಗೆ ಸರ್‌ಚಾರ್ಜ್ ಅಂತಲೇ ನೂರಾರು ಡಾಲರ್ ಕಕ್ಕಬೇಕು. ಏರ್ ಕೆನಡಾದ ಏರೋಪ್ಲಾನ್ 2020ರಲ್ಲಿ ಅದನ್ನು ಕೈಬಿಟ್ಟಿತು. ತೆರಿಗೆ, ಒಂದಿಷ್ಟು ಬುಕಿಂಗ್ ಶುಲ್ಕ ಕೊಟ್ಟರೆ ಲುಫ್ಥಾನ್ಸಾದ ಸೀಟೂ ಸಿಗುತ್ತದೆ. ಕುಟುಂಬದ 8 ಜನರ ತನಕ ಮೈಲಿಯನ್ನು ಒಂದೇ ಹುಂಡಿಗೆ ಹಾಕಬಹುದು, ಬೇಸಿಗೆ ರಜೆಯಲ್ಲಿ ಊರಿಗೆ ಹಾರುವ ಮಕ್ಕಳದ್ದೂ ಸೇರಿ. ಬ್ರೆಟ್ಸೆಲ್ಲಿನ ಆಸೆ ಬಿಟ್ಟು ಏರೋಪ್ಲಾನ್ ಸಂಖ್ಯೆಯನ್ನೇ ಟಿಕೆಟಿಗೆ ಅಂಟಿಸಿದೆ. ಹಿರಿಯರು 'ಅಯ್ಯೋ, ಅದಾ?' ಅಂದರು.

ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, 'ಅಂದ್ರೆ ನಿಮ್ಮ ಆಫೀಸಿನವರ ದುಡ್ಡಲ್ಲಿ ನಾನು ಬರಬಹುದು ಅನ್ನು' ಎಂದಳು. ಹುಡುಕಿದರೆ ಸೀಟು ಇದ್ದದ್ದು ನವರಾತ್ರಿಯ ಹೊತ್ತಿಗೆ. 'ಗೊಂಬೆ ಕೂರಿಸೋದು ಬಿಟ್ಟು ಬರ್ತೀನೇನೇ?' ಮತ್ತೆ ಹುಡುಕಿದೆ, ದೀಪಾವಳಿ ಕಳೆದ ಮೇಲೆ ಒಂದು ಸಿಕ್ಕಿತು. ಚಳಿ ಇರುತ್ತೆ, ಸ್ವೆಟರ್ ತಾ ಎಂದೆ, ಕಟ್ಟಬೇಕಾದ ಶುಲ್ಕವನ್ನೂ ಹೇಳಿದೆ.

'ಅದನ್ನೂ ಆಫೀಸಿನವರು ಕೊಡಲ್ವೇನೇ?'