ಎನ್ಸಿನಿಟಾಸ್‌ನ ಇಳಿಜಾರಿನಲ್ಲಿ

ನೀಲಗಿರಿಯವರಾದ ನಮಗೆ ಇಳಿಜಾರು ಹೊಸತಲ್ಲ. ಮೇಟುಪಾಳ್ಯದಿಂದ ಕೂನೂರಿಗೆ 1899ರಿಂದ ಹಲ್ಲುಕಂಬಿ ಹಿಡಿದು ಏರುತ್ತಿರುವ ಪುಟ್ಟ ರೈಲಿನ ದಾರಿ ಹೆಚ್ಚುಕಡಿಮೆ ಹನ್ನೆರಡು ಅಡಿಗೆ ಒಂದಡಿಯಂತೆ ಮೇಲೇರುತ್ತದೆ. ಅದೇ ಘಟ್ಟದ ರಸ್ತೆಯಲ್ಲಿ ಓಡುವ ಬಸ್ಸುಗಳ ಅಡಿಯಲ್ಲಿ ಮಲಗಿ, ಕಮಾನು ಪಟ್ಟಿಗಳನ್ನೂ ಅವುಗಳ ತುದಿಯಲ್ಲಿ ಕೂರುವ ಬುಷ್‌ಗಳನ್ನೂ ಬಿಚ್ಚಿ ಕಟ್ಟುವುದರಲ್ಲಿಯೇ ನಮ್ಮ ಮೂವತ್ತು ವರ್ಷಗಳು ಸಂದುಹೋದವು. ನಿವೃತ್ತರಾದ ಮೇಲೆ, ಸಪ್ತಸಾಗರದಾಚೆ, ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಸಲುವಾಗಿ ಮತ್ತೆ ಬುಷ್ ಹುಡುಕಿಕೊಂಡು ಹೋಗುವ ಯೋಗ ನಮಗಿದೆಯೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆವು.

2023ರ ಮೇ ತಿಂಗಳಲ್ಲಿ ನಾವು ದಂಪತಿಗಳು ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ತಮ್ಮನ ಮನೆಗೆ ಹೋಗಿದ್ದೆವು. ಅವನಿರುವ ಊರು ಎನ್ಸಿನಿಟಾಸ್. ಸ್ಯಾನ್ ಡಿಯಾಗೋ ನಗರದಿಂದ ಉತ್ತರಕ್ಕೆ ಸುಮಾರು ನಲವತ್ತು ಕಿಲೋಮೀಟರು ದೂರದಲ್ಲಿ, ಪೆಸಿಫಿಕ್ ಸಾಗರದ ಅಂಚಿನ ಮಣ್ಣು ದಿಬ್ಬಗಳ ಮೇಲೆ ಹರಡಿಕೊಂಡಿರುವ ಊರು ಅದು. ಮೇ, ಜೂನ್ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಕಡಲಿನಿಂದ ಬೂದುಬಣ್ಣದ ಮಂಜು ಎದ್ದು ಬೀದಿಗಳನ್ನೆಲ್ಲ ಮುಚ್ಚಿಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು. ಮೊದಲ ದಿನ ಬೆಳಿಗ್ಗೆ ಕಿಟಕಿ ತೆರೆದಾಗ ಕೂನೂರಿನಲ್ಲಿಯೇ ಎದ್ದೆವೇನೋ ಎನಿಸಿತು. ಊರಿನ ಉತ್ತರಕ್ಕಿರುವ ಲ್ಯುಕೇಡಿಯಾ ಎಂಬ ಭಾಗದಲ್ಲಿ ಹಳೆಯ ಹೆದ್ದಾರಿಯ ಬದಿಗೆ ನಿಂತ ಮುದಿ ಮರಗಳನ್ನು ಕಂಡಾಗಲಂತೂ ನಮ್ಮ ಮನೆಯವರು ಕಾರು ನಿಲ್ಲಿಸುವಂತೆ ಹೇಳಿ, ಇಳಿದು, ಒಂದು ಎಲೆಯನ್ನು ಹಿಸುಕಿ ಮೂಸಿ ನೋಡಿದರು. ಅದು ನೀಲಗಿರಿ ಮರ! ಆಸ್ಟ್ರೇಲಿಯದಿಂದ ಹೊರಟ ಆ ಮರ ಇಲ್ಲಿಗೂ ಬಂದಿದೆ, ನಮ್ಮ ಬೆಟ್ಟಗಳಿಗೂ ಬಂದಿದೆ. ಕನ್ನಡದಲ್ಲಿ ಮಾತ್ರ ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತು ನಿಂತಿದೆ.

ಈ ಊರಿಗೆ ಭಾರತದ ನಂಟು ಇನ್ನೊಂದಿದೆ. ಕಡಲ ದಿಬ್ಬದ ಮೇಲೆ ಚಿನ್ನದ ಬಣ್ಣದ ಕಮಲದ ಶಿಖರಗಳುಳ್ಳ ಆಶ್ರಮವೊಂದು ಕಾಣುತ್ತದೆ. ಪರಮಹಂಸ ಯೋಗಾನಂದರು 1946ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯನ್ನು ಬರೆದದ್ದು ಇಲ್ಲಿಯೇ. ಆಶ್ರಮದ ಕೆಳಗಿನ ಕಡಲತೀರಕ್ಕೆ ‘ಸ್ವಾಮೀಸ್’ ಎಂದೇ ಹೆಸರು. ಅಲ್ಲಿ ದಿನವಿಡೀ ಹುಡುಗರು ಉದ್ದನೆಯ ಹಲಗೆಗಳ ಮೇಲೆ ನಿಂತು ಅಲೆಗಳನ್ನೇರಿ ಬರುತ್ತಾರೆ. ಅಲೆಯಿಲ್ಲದ ದಿನ ಏನು ಮಾಡುವುದು? ಹಲಗೆಗೆ ಚಕ್ರ ಕಟ್ಟಿ ರಸ್ತೆಗಿಳಿಯುವುದು. ಈ ಕರಾವಳಿಯ ಚಕ್ರದ ಹಲಗೆಯ ಆಟ ಹುಟ್ಟಿದ್ದು ಹೀಗೆ.

ನಮ್ಮ ತಮ್ಮನ ಮಗಳು, ನಾವೆಲ್ಲ ಪುಟ್ಟಿಯೆಂದು ಕರೆಯುವವಳು, ಆ ಆಟಕ್ಕೆ ಮರುಳಾಗಿದ್ದಳು. ಅವಳ ಬಳಿ ಇದ್ದುದು ಮೂರಡಿಗಿಂತ ಉದ್ದವಾದ ಲಾಂಗ್‌ಬೋರ್ಡ್. “ದೊಡ್ಡಪ್ಪ, ನನ್ನ ಟ್ರಕ್ ಸರಿಯಿಲ್ಲ, ನೋಡ್ತೀರಾ?” ಎಂದು ಬಂದವಳೇ ಕೇಳಿದಾಗ ನಾವು ಬೀದಿಯ ಕಡೆ ನೋಡಿದೆವು. ನಮಗೆ ಟ್ರಕ್ಕೆಂದರೆ ಲಾರಿ. ಅವಳು ನಗುತ್ತ ಹಲಗೆಯನ್ನು ಮಗುಚಿ ತೋರಿಸಿದಳು. ಹಲಗೆಯ ಅಡಿಯಲ್ಲಿ ಹಿಂದೊಂದು ಮುಂದೊಂದು ಇರುವ ಕಬ್ಬಿಣ, ಅಲ್ಯೂಮಿನಿಯಂಗಳ ಜೋಡಣೆಗೆ ಅಲ್ಲಿ ಟ್ರಕ್ ಎನ್ನುತ್ತಾರೆ.

ನೋಡುತ್ತ ಹೋದಂತೆ ನಮಗೆ ಪರಿಚಿತರನ್ನು ಕಂಡಂತಾಯಿತು. ಹಲಗೆಗೆ ಬಿಗಿದ ತಳಪಟ್ಟಿ. ಅದರಿಂದ ಓರೆಯಾಗಿ ಹೊರಟ ದಪ್ಪನೆಯ ಬೋಲ್ಟು, ಅದೇ ಕಿಂಗ್‌ಪಿನ್. ಬೋಲ್ಟಿಗೆ ಪೋಣಿಸಿದ ಅಡ್ಡತೋಳು. ತೋಳಿನ ಎರಡು ತುದಿಗೆ ಎರಡು ಚಕ್ರ. ತೋಳಿನ ಆಚೆಗೊಂದು ಈಚೆಗೊಂದು, ಬೋಲ್ಟಿನ ಮೇಲೆ ಹೆಬ್ಬೆರಳ ಗಾತ್ರದ ಯುರೆಥೇನ್ ಬುಷ್. ಸವಾರ ಒಂದು ಮಗ್ಗುಲಿಗೆ ವಾಲಿದಾಗ ಬುಷ್ ಅದುಮಿಕೊಂಡು ತೋಳು ತಿರುಗಲು ಎಡೆಕೊಡುತ್ತದೆ; ಭಾರ ಸರಿದೊಡನೆ ತನ್ನ ಆಕಾರಕ್ಕೆ ಮರಳಿ ತೋಳನ್ನು ನೇರ ಮಾಡುತ್ತದೆ. ಈ ಹಲಗೆಗೆ ಬೇರೆ ಚುಕ್ಕಾಣಿಯಿಲ್ಲ. ಕಮಾನೂ ಬುಷ್ಷೇ, ಚುಕ್ಕಾಣಿಯೂ ಬುಷ್ಷೇ.

ಆದರೆ ನಾವು ಬಂದ ಹೊತ್ತಿಗೆ ಆ ಮನೆಯಲ್ಲಿ ಹಲಗೆಯ ಮಾತೆತ್ತುವಂತಿರಲಿಲ್ಲ. ಪುಟ್ಟಿಯ ಮೊಣಕೈಯಲ್ಲಿ ಇನ್ನೂ ಮಾಯದ ಗಾಯವಿತ್ತು. ನಡೆದದ್ದಿಷ್ಟು. ಹಲಗೆಯನ್ನು ಅವಳು ಕಾಲೇಜಿನ ಹುಡುಗನೊಬ್ಬನಿಂದ ಹಳೆಯದಾಗಿ ಕೊಂಡಿದ್ದಳು. ಅವನು ಎಂಬತ್ತೈದು ಕಿಲೋ ತೂಕದ ಆಳು. ಕಡಿದಾದ ಇಳಿಜಾರುಗಳಲ್ಲಿ ವೇಗವಾಗಿ ಇಳಿಯುವವನು. ಪುಟ್ಟಿ ನಲವತ್ತಾರು ಕಿಲೋ. ಮೊದಲ ದಿನ ಬೀದಿಯ ತಿರುವಿನಲ್ಲಿ ಅವಳು ಎಷ್ಟು ವಾಲಿದರೂ ಹಲಗೆ ತಿರುಗದೆ ನೆಟ್ಟಗೆ ಹೋಗಿ ನೆರೆಯವರ ಬೇಲಿಗೆ ನುಗ್ಗಿತು. ಆಗ ಯಾರೋ ಗೆಳತಿ ನಟ್ಟು ಸಡಿಲಿಸಲು ಹೇಳಿದಳಂತೆ. ಸಡಿಲಿಸಿದಳು. ಮರುದಿನ ಇಳಿಜಾರಿನಲ್ಲಿ ವೇಗ ಹೆಚ್ಚುತ್ತಲೇ ಹಲಗೆ ಎಡಕ್ಕೂ ಬಲಕ್ಕೂ ನಡುಗತೊಡಗಿ ಅವಳನ್ನು ರಸ್ತೆಗೆ ಬೀಸಿ ಒಗೆಯಿತು. ತಲೆಯ ಮೇಲೆ ಹೆಲ್ಮೆಟ್ಟಿದ್ದುದರಿಂದ ದೇವರು ದೊಡ್ಡವನು. ಹದಿನೆಂಟು ತುಂಬದವರು ಹಲಗೆಯೇರುವಾಗ ಹೆಲ್ಮೆಟ್ಟು ಹಾಕಲೇಬೇಕೆಂದು ಆ ರಾಜ್ಯದ ಕಾನೂನಿದೆ.

ತಮ್ಮನ ಮಡದಿ ಹಲಗೆಯನ್ನು ಕಾರು ನಿಲ್ಲಿಸುವ ಕೊಠಡಿಯಲ್ಲಿಟ್ಟು ಬೀಗ ಹಾಕಿದ್ದಳು. “ಭಾವ, ನೀವಾದರೂ ಬುದ್ಧಿ ಹೇಳಿ. ಇರುವುದೊಂದು ಮಗು” ಎಂದು ಕಣ್ಣೊರೆಸಿಕೊಂಡಳು. ತಮ್ಮನದು ಇನ್ನೊಂದು ಮಾತು: ನಟ್ಟನ್ನು ಪೂರ್ತಿ ಬಿಗಿದುಬಿಟ್ಟರೆ ನಡುಕವೇ ಇರುವುದಿಲ್ಲವಲ್ಲ? ತಾಯಿಗೆ ಹಲಗೆಯೇ ಬೇಡ, ತಂದೆಗೆ ಬಿಗಿ ಬೇಕು, ಮಗಳಿಗೆ ಸಡಿಲ ಬೇಕು. ಮೂವರೂ ಮಾತು ಬಿಟ್ಟು ಮೂರು ದಿನವಾಗಿತ್ತು. ಬಸ್ಸಿನ ಬುಷ್ ಕಂಡ ನಮಗೆ ಇಷ್ಟು ಮಾತ್ರ ಗೊತ್ತಿತ್ತು: ತಪ್ಪು ಬುಷ್ಷನ್ನು ನಟ್ಟಿನಿಂದ ಸರಿಪಡಿಸಲಾಗದು. ಅಂಗಡಿಗೆ ಹೋಗಿ ವಿಚಾರಿಸುವವರೆಗೆ ಯಾರೂ ತೀರ್ಪು ಕೊಡಬಾರದೆಂದು ಒಪ್ಪಿಸಿದೆವು.

ಅಂಗಡಿಗೆ ಹೋಗುವ ಮುನ್ನ ತಮ್ಮ ನಮ್ಮನ್ನು ನೆರೆಯ ಕಾರ್ಲ್ಸ್‌ಬಾಡ್ ನಗರದ ಲಾ ಕೋಸ್ಟಾ ಎಂಬಲ್ಲಿಗೆ ಕರೆದೊಯ್ದ. ಈಗ ಅಲ್ಲಿ ಎತ್ತ ನೋಡಿದರೂ ಮನೆಗಳೇ. 1970ರ ದಶಕದ ನಡುವಿನಲ್ಲಿ ಗುಡ್ಡಗಳಿಗೆ ಹೊಸ ಡಾಂಬರು ರಸ್ತೆಗಳಾಗಿ, ಮನೆಗಳು ಮಾತ್ರ ಇನ್ನೂ ಎದ್ದಿರಲಿಲ್ಲವಂತೆ. ಕನ್ನಡಿಯಂತೆ ನುಣುಪಾದ ಆ ಬರಿಯ ರಸ್ತೆಗಳಿಗೆ ವಾರದ ಕೊನೆಗೆ ಹಲಗೆಯ ಹುಡುಗರು ಬಂದು ಸೇರುತ್ತಿದ್ದರು. ಅದಕ್ಕೂ ಮೊದಲು ಹಲಗೆಗೆ ಕಬ್ಬಿಣದ ಚಕ್ರ, ಆಮೇಲೆ ಜೇಡಿಯ ಮಿಶ್ರಣದ ಚಕ್ರ. ಒಂದು ಸಣ್ಣ ಕಲ್ಲು ಸಿಕ್ಕರೂ ಚಕ್ರ ಅಲ್ಲೇ ನಿಂತು ಸವಾರ ಮುಂದೆ ಹಾರುತ್ತಿದ್ದ. 1970ರ ದಶಕದ ಮೊದಲ ವರ್ಷಗಳಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬ ತರುಣ ಇದೇ ಎನ್ಸಿನಿಟಾಸ್‌ನಿಂದ ಯುರೆಥೇನ್ ಚಕ್ರಗಳನ್ನು ಮಾರಾಟಕ್ಕೆ ತಂದ. ನೆಲಕ್ಕೆ ಕಚ್ಚಿಕೊಂಡು ಕಲ್ಲನ್ನು ನುಂಗಿ ಹೋಗುವ ಆ ಚಕ್ರದಿಂದ ಆಟದ ಗತಿಯೇ ಬದಲಾಯಿತು. ಆ ವೇಗಕ್ಕೆ ತಕ್ಕ ಅಗಲವಾದ ಟ್ರಕ್ಕುಗಳೂ ದಶಕದ ನಡುವಿನಲ್ಲಿ ಈ ಕರಾವಳಿಯಲ್ಲಿಯೇ ತಯಾರಾದವು. ಚಕ್ರಕ್ಕೆ ಬಂದ ಅದೇ ಯುರೆಥೇನ್ ಇಂದು ಬುಷ್ಷಿನಲ್ಲಿಯೂ ಇದೆ. ಗುಡ್ಡದ ತಲೆಯಲ್ಲಿ ನಿಂತು ಕೆಳಗೆ ನೋಡಿದಾಗ, ಪುಟ್ಟಿಯ ಹುಚ್ಚು ಅವಳೊಬ್ಬಳದಲ್ಲ, ಈ ನೆಲದ್ದೇ ಎಂಬುದು ನಮಗೆ ಅರ್ಥವಾಯಿತು.

ಅಂಗಡಿಯವರು ಬಿಳಿಗಡ್ಡದ ಹಿರಿಯರು. ಹಲಗೆಯನ್ನು ಮುಟ್ಟುವ ಮೊದಲೇ ಅವರು ಕೇಳಿದ್ದು ಹುಡುಗಿಯ ತೂಕ. ಎರಡನೆಯ ಪ್ರಶ್ನೆ, ಈ ಹಲಗೆಯಿಂದ ಏನು ಮಾಡಬೇಕೆಂದಿದ್ದೀಯೆ ಎಂಬುದು. ಬೀದಿಯಲ್ಲಿ ಅಲೆಯೇರಿದಂತೆ ಬಳುಕುತ್ತ ಹೋಗಬೇಕು, ಸಣ್ಣ ಇಳಿಜಾರು ಇಳಿಯಬೇಕು ಎಂದಳು ಪುಟ್ಟಿ. ಆಮೇಲೆ ಅವರು ಟ್ರಕ್ಕನ್ನು ಬಿಚ್ಚಿ ಹಳೆಯ ಬುಷ್ಷನ್ನು ನಮ್ಮ ಅಂಗೈಗಿಟ್ಟರು. ಹಿಸುಕಿದರೆ ಮರದ ತುಂಡಿನಂತಿತ್ತು. ಅದರ ಮೇಲೆ 93ಎ ಎಂಬ ಗುರುತು.

ಆ ಅಂಕಿ ಗಡಸುತನದ್ದು. ಡ್ಯೂರೋಮೀಟರ್ ಎಂಬ ಉಪಕರಣದ ಸೂಜಿಯನ್ನು ವಸ್ತುವಿಗೆ ಒತ್ತಿ ಅಳೆಯುತ್ತಾರೆ. ಅಂಕಿ ಹೆಚ್ಚಿದಷ್ಟೂ ವಸ್ತು ಗಡಸು. ಕಾರಿನ ಟೈರು ಈ ಮಾನದಲ್ಲಿ ಸುಮಾರು 65ರಿಂದ 70. ಲಾಂಗ್‌ಬೋರ್ಡಿನ ಬುಷ್‌ಗಳು ಸಾಮಾನ್ಯವಾಗಿ 78ರಿಂದ 97ರವರೆಗೆ ಸಿಗುತ್ತವೆ. ಸ್ಥೂಲವಾಗಿ ಹೇಳುವುದಾದರೆ, ಐವತ್ತು ಕಿಲೋ ಆಸುಪಾಸಿನವರಿಗೆ 78ರಿಂದ 83. ಅರವತ್ತೈದರಿಂದ ಎಪ್ಪತ್ತೈದು ಕಿಲೋದವರಿಗೆ 85ರಿಂದ 90. ಅದಕ್ಕೂ ಭಾರದವರಿಗೆ 90ರ ಮೇಲೆ. ಟ್ರಕ್ಕು, ಹಲಗೆಗಳು ಅಗಲವಾದಷ್ಟೂ ಸನ್ನೆಯ ಬಲ ಹೆಚ್ಚುವುದರಿಂದ ಒಂದು ಮೆಟ್ಟಿಲು ಗಡಸಿನದು ಬೇಕಾಗಬಹುದು. ಬಣ್ಣ ನೋಡಿ ಕೊಳ್ಳಬಾರದು. ಒಬ್ಬ ತಯಾರಕನ ಕೆಂಪು ಮೆತ್ತಗಿದ್ದರೆ ಇನ್ನೊಬ್ಬನ ಕೆಂಪು ಗಡಸಾಗಿರುತ್ತದೆ.

ಎರಡನೆಯದು ಆಕಾರ. ಪೀಪಾಯಿಯಂತೆ ಮೇಲಿಂದ ಕೆಳಗೆ ಒಂದೇ ದಪ್ಪವಿರುವ ಬುಷ್ ವಾಲುವುದಕ್ಕೆ ಹೆಚ್ಚು ತಡೆಯೊಡ್ಡುತ್ತದೆ. ವೇಗದಲ್ಲಿ ನಿಲುವು ಕೊಡುತ್ತದೆ. ತುದಿ ಕಿರಿದಾದ ಶಂಕುವಿನಾಕಾರದ್ದು ಸುಲಭವಾಗಿ ಬಾಗುತ್ತದೆ. ಬಳುಕುವ ಆಟಕ್ಕೆ ಒಳ್ಳೆಯದು. ಹಲಗೆಯ ಕಡೆಗೆ ಪೀಪಾಯಿ, ನೆಲದ ಕಡೆಗೆ ಶಂಕು ಇಡುವುದು ವಾಡಿಕೆ. ಬರಿಯ ವೇಗಕ್ಕಾಗಿ ಇಳಿಯುವವರು ಎರಡೂ ಕಡೆ ಪೀಪಾಯಿಯನ್ನೇ ಹಾಕುತ್ತಾರೆ. ಹಳೆಯ ಸವಾರ ಹಾಗೆಯೇ ಮಾಡಿದ್ದ. ಬುಷ್ಷಿಗೆ ಹೊಂದಿಕೊಂಡಿರುವ ವಾಷರನ್ನೂ ಕಡೆಗಣಿಸುವಂತಿಲ್ಲ: ಬಟ್ಟಲಿನಂತೆ ಅಂಚಿರುವ ವಾಷರು ಬುಷ್ಷನ್ನು ಹಿಡಿದಿಟ್ಟು ಗಡಸು ಮಾಡುತ್ತದೆ, ಚಪ್ಪಟೆಯದು ಹರಡಿಕೊಳ್ಳಲು ಬಿಡುತ್ತದೆ.

ತಮ್ಮ ತನ್ನ ಬಿಗಿಯುವ ಮಾತನ್ನು ಮುಂದಿಟ್ಟ. ಹಿರಿಯರು ನಕ್ಕು ಒಂದು ಮೆತ್ತನೆಯ ಬುಷ್ಷನ್ನು ಟ್ರಕ್ಕಿಗೆ ಹಾಕಿ ನಟ್ಟನ್ನು ಬಿಗಿಯುತ್ತ ಹೋದರು. ಬುಷ್ ಹೊಟ್ಟೆಯುಬ್ಬಿಸಿಕೊಂಡು ವಾಷರಿನ ಹೊರಗೆ ಬಂತು. ಹೀಗೆ ಬಿಗಿದದ್ದು ತಿರುಗುವುದೂ ಇಲ್ಲ, ಸರಿಯಾಗಿ ಹಿಂದಿರುಗುವುದೂ ಇಲ್ಲ, ಬೇಗನೆ ಸೀಳಿಯೂ ಹೋಗುತ್ತದೆ ಎಂದರು. ಬಳಿಕ ಪುಟ್ಟಿಯ ಕಡೆ ತಿರುಗಿದರು. ಗಡಸು ಬುಷ್ಷಿನ ನಟ್ಟನ್ನು ಸಡಿಲಿಸಿದರೆ ಬುಷ್ ಮೆತ್ತಗಾಗುವುದಿಲ್ಲ. ತೋಳಿಗೂ ಬುಷ್ಷಿಗೂ ನಡುವೆ ಸಂದು ಬೀಳುತ್ತದೆ, ಅಷ್ಟೆ. ಆ ಸಂದಿನಲ್ಲಿಯೇ ನಡುಕ ಹುಟ್ಟುತ್ತದೆ. ಅವಳು ನಟ್ಟನ್ನು ಎಷ್ಟು ಸಡಿಲಿಸಿದ್ದಳೆಂದರೆ ಅದರ ಒಳಗಿನ ನೈಲಾನ್ ಬಳೆ ಬೋಲ್ಟಿನ ಮರೆಯನ್ನು ಹಿಡಿದೇ ಇರಲಿಲ್ಲ. ಇನ್ನೆರಡು ದಿನ ಓಡಿಸಿದ್ದರೆ ನಟ್ಟು ಕಳಚಿ ತೋಳೇ ಬೀಳುತ್ತಿತ್ತು. ತಂದೆ ಮಗಳು ಇಬ್ಬರೂ ಮುಖ ನೋಡಿಕೊಂಡರು.

ಕೊನೆಗೆ ಆರಿಸಿದ್ದು ಹೀಗೆ: ಮುಂದಿನ ಟ್ರಕ್ಕಿಗೆ 81ಎ ಗಡಸಿನ ಪೀಪಾಯಿ, ಶಂಕುಗಳ ಜೋಡಿ. ಹಿಂದಿನದಕ್ಕೆ ಅದೇ ಆಕಾರದ, ಒಂದು ಮೆಟ್ಟಿಲು ಗಡಸಾದ 83ಎ. ಏಕೆಂದರೆ ನಡುಕ ಸಾಮಾನ್ಯವಾಗಿ ಹಿಂಬದಿಯಿಂದ ಏಳುತ್ತದೆ. ಬಟ್ಟಲು ವಾಷರಿಗೆ ಬದಲು ಚಪ್ಪಟೆ ವಾಷರು. ಹಳೆಯ ಬುಷ್ಷಿನ ಎತ್ತರಕ್ಕೂ ಹೊಸದರ ಎತ್ತರಕ್ಕೂ ತಾಳೆ ನೋಡಿಯೇ ಕೊಂಡೆವು.

ಮನೆಗೆ ಬಂದು ಕೊಠಡಿಯ ಬಾಗಿಲಲ್ಲಿ ಕುಳಿತು ಸ್ಪ್ಯಾನರು ಹಿಡಿದಾಗ, ಕೈಗೆ ಹಳೆಯ ಕಾಲ ಮರಳಿದಂತಾಯಿತು. ಕೆಲಸ ಮಾತ್ರ ಪುಟ್ಟಿಯಿಂದಲೇ ಮಾಡಿಸಿದೆವು. ತನ್ನ ಗಾಡಿಯ ಬುಷ್ ತಾನೇ ಹಾಕಲು ಬಾರದವನು ಘಟ್ಟ ಇಳಿಸಬಾರದೆಂಬುದು ನಮ್ಮ ಕಾರ್ಖಾನೆಯ ಪಾಠ. ವಾಷರು ಬೆರಳಿನಿಂದ ತಿರುಗಿಸಿದರೆ ತಿರುಗದಿರುವವರೆಗೆ ಬಿಗಿದು, ಅಲ್ಲಿಂದ ಅರ್ಧ ಸುತ್ತಿಗೆ ನಿಲ್ಲಿಸಿದಳು. ಮೊದಲು ಹುಲ್ಲಿನ ಮೇಲೆ ನಿಂತು ಎಡಕ್ಕೂ ಬಲಕ್ಕೂ ವಾಲಿ, ಹಲಗೆ ತಾನಾಗಿ ನೇರಕ್ಕೆ ಬರುವುದೇ ಎಂದು ನೋಡಿದಳು. ಭಾನುವಾರ ಬೆಳಿಗ್ಗೆ ಕಾರುಗಳಿಲ್ಲದ ಸಮತಟ್ಟು ಬಯಲೊಂದರಲ್ಲಿ ಎರಡು ಗಂಟೆ ಓಡಿಸಿದಳು. ಹೊಸ ಬುಷ್ ಮೊದಮೊದಲು ಬಿಗಿಯಾಗಿದ್ದು ಕೆಲದಿನ ಓಡಿದ ಮೇಲೆ ಪಳಗುತ್ತದೆ. ಆಮೇಲೆ ನಟ್ಟನ್ನು ಇನ್ನೊಮ್ಮೆ ನೋಡಬೇಕು. ಒಂದು ವಾರ ಕಳೆದ ನಂತರವೇ ಮನೆಯ ಮುಂದಿನ ಸಣ್ಣ ಇಳಿಜಾರು.

ಅಂದು ಮಂಜು ಆಗತಾನೇ ಕರಗಿತ್ತು. ತಮ್ಮನ ಮಡದಿ ಇಳಿಜಾರಿನ ಕೆಳಗೆ ಕೈ ಕಟ್ಟಿಕೊಂಡು ನಿಂತಿದ್ದಳು. ಮೊಣಕೈಗೂ ಮಂಡಿಗೂ ಕಾಪು ಕಟ್ಟಿ, ಹೆಲ್ಮೆಟ್ಟು ಧರಿಸಿ, ಮುಂಗಾಲಿನ ಮೇಲೆ ಭಾರ ಹಾಕಿ ಪುಟ್ಟಿ ಮೇಲಿನಿಂದ ಹೊರಟಳು. ಹಲಗೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಹಾವು ಹರಿದಂತೆ, ವೇಗವನ್ನು ತಿರುವುಗಳಲ್ಲಿಯೇ ತಿಂದುಕೊಳ್ಳುತ್ತ ಇಳಿದುಬಂತು. ತಾಯಿಯ ಮುಂದೆ ಬಂದು ನಿಂತಿತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

“ಭಾವ, ನಾನೊಮ್ಮೆ ನಿಂತು ನೋಡಲೇ?” ಎಂದಳು ಆಕೆ. ನಾವೂ ಪುಟ್ಟಿಯೂ ಒಂದೊಂದು ಕೈ ಹಿಡಿದೆವು. ಆಕೆ ಹಲಗೆ ಏರಿದ ಕೂಡಲೇ ಅದು ಒಂದು ಮಗ್ಗುಲಿಗೆ ಕುಸಿದು ವಾಲಿತು. “ಅಯ್ಯೋ, ಇದು ನಿಲ್ಲುವುದೇ ಇಲ್ಲವಲ್ಲ!” ಎಂದು ಇಳಿದುಬಿಟ್ಟಳು. “ನಿಮಗೆ ಬೇರೆ ಬುಷ್ ಬೇಕಮ್ಮ, ಇದು ಅವಳ ತೂಕದ್ದು” ಎಂದೆವು. ಆಕೆ ಹಲಗೆಯನ್ನೂ ಮಗಳನ್ನೂ ಒಮ್ಮೆ ನೋಡಿ ನಕ್ಕಳು. ಅಂದು ಸಂಜೆ ಕೊಠಡಿಗೆ ಬೀಗ ಬೀಳಲಿಲ್ಲ.

ಈಗ ನಮ್ಮ ಊರುಗಳ ಮಕ್ಕಳ ಕೈಗೂ ಈ ಹಲಗೆ ಬಂದಿದೆ. ಕಲ್ಹಟ್ಟಿ ಘಟ್ಟದ ಮೂವತ್ತಾರು ತಿರುವುಗಳು ಅದಕ್ಕೆ ತಕ್ಕ ಜಾಗವಲ್ಲವೆಂದು ಹಿರಿಯರು ಹೇಳಲೇಬೇಕು. ಆದರೆ ಬೇಡವೆನ್ನುವ ಮುನ್ನ ಒಮ್ಮೆ ಹಲಗೆಯನ್ನು ಮಗುಚಿ, ಆ ಎರಡು ಬುಷ್‌ಗಳು ಯಾರ ತೂಕಕ್ಕೆ ಹಾಕಿದವು ಎಂದು ಕೇಳಿ ನೋಡಿದರೆ ಒಳ್ಳೆಯದು. ಪುಟ್ಟಿಯ ಹಲಗೆಯಿಂದ ತೆಗೆದ 93ಎ ಬುಷ್ಷೊಂದು ಈಗ ಕೂನೂರಿನ ನಮ್ಮ ಮೇಜಿನ ಮೇಲಿದೆ. ನೋಡಲು ಬಂದವರು ಇದು ಯಾವ ಗಾಡಿಯದೆಂದು ಕೇಳುತ್ತಾರೆ. ಹೇಳಲು ಕುಳಿತರೆ ಕಾಫಿ ಆರಿಹೋಗುತ್ತದೆ.